ಮಿಣುಕುವ ಪರದೆ, ಮುಗ್ಗರಿಸುವ ಚಿತ್ರ: ಒಂದು ನೂರು ವರ್ಷದ ಜಗಳ

ಹೊಸದಾಗಿ ಗೇಮಿಂಗ್ ಮಾನಿಟರ್ ಕೊಂಡವರ ಬಾಯಲ್ಲಿ ಎರಡು ದೂರು ಪದೇ ಪದೇ ಕೇಳಿಬರುತ್ತವೆ. ಒಂದು, "ಆಟದಲ್ಲಿ ಕತ್ತಲೆ ಗುಹೆಯೊಳಗೆ ಹೋದ್ರೆ ಸಾಕು, ಪರದೆ ಹಳೇ ಟ್ಯೂಬ್‌ಲೈಟ್ ಥರ ಮಿಣ ಮಿಣ ಅನ್ನತ್ತೆ". ಇನ್ನೊಂದು, "ಮೂಲೆಯಲ್ಲಿ ಸೆಕೆಂಡಿಗೆ ನೂರು ಫ್ರೇಮ್ ಅಂತ ತೋರಿಸ್ತಿದೆ, ಆದ್ರೂ ಚಿತ್ರ ಅಲ್ಲಲ್ಲಿ ಮುಗ್ಗರಿಸತ್ತೆ". ಮೊದಲನೆಯದು ಫ್ಲಿಕರ್, ಎರಡನೆಯದು ಸ್ಟಟರ್. ಈ ಬರಹದಲ್ಲಿ ನಾನು ಇವನ್ನು ಮಿಣುಕು, ಮುಗ್ಗರಿಕೆ ಅಂತ ಕರೆಯುತ್ತೇನೆ. ಒಪ್ಪಿಗೆ ತಾನೇ? :-)

ಇಂಥ ಮಾನಿಟರಿಗೆ ಜನ ಹೆಚ್ಚು ದುಡ್ಡು ಸುರಿಯುವುದೇ ಅದರಲ್ಲಿ ವೇರಿಯಬಲ್ ರಿಫ್ರೆಶ್ ರೇಟ್ (ಮುಂದೆ ಚಿಕ್ಕದಾಗಿ ವಿ.ಆರ್.ಆರ್.) ಇದೆ ಅಂತ. ಚಿತ್ರ ಬೆಣ್ಣೆಯ ಹಾಗೆ ನುಣ್ಣಗೆ ಓಡಬೇಕು ಅನ್ನುವುದು ಆಸೆ. ಓಡದಿದ್ದಾಗ ನೆಟ್‌ನಲ್ಲಿ ಹುಡುಕುತ್ತಾರೆ. ಅಲ್ಲಿ ಪರಿಹಾರಗಳಿಗೇನೂ ಬರವಿಲ್ಲ. ಕೇಬಲ್ ಬದಲಿಸಿ, ಡ್ರೈವರ್ ತೆಗೆದು ಮತ್ತೆ ಹಾಕಿ, ಅದನ್ನು ಆನ್ ಮಾಡಿ, ಇದನ್ನು ಆಫ್ ಮಾಡಿ... ಕೆಲವು ಕೆಲಸ ಮಾಡುತ್ತವೆ, ಯಾಕೆ ಮಾಡಿದವು ಅಂತ ಮಾತ್ರ ಗೊತ್ತಾಗುವುದಿಲ್ಲ. ಗೊತ್ತಾಗಬೇಕಾದರೆ ಕಂಪ್ಯೂಟರಿಗಿಂತ ಬಹಳ ಹಿಂದಕ್ಕೆ, ಸಿನಿಮಾ ಕಣ್ಣುಬಿಟ್ಟ ಕಾಲಕ್ಕೆ ಹೋಗಬೇಕು. ಮಿಣುಕು ಮತ್ತು ಮುಗ್ಗರಿಕೆ ಆಗಿನಿಂದಲೂ ಸವತಿಯರು. ಒಬ್ಬಳನ್ನು ಮನೆಯಿಂದ ಆಚೆ ಹಾಕಿದರೆ ಇನ್ನೊಬ್ಬಳು ಹಿತ್ತಿಲ ಬಾಗಿಲಿನಿಂದ ಒಳಗೆ ಬರುತ್ತಾಳೆ.

* * *

ಮೂಕಿ ಚಿತ್ರಗಳ ಕಾಲದಲ್ಲಿ ಕ್ಯಾಮೆರಾವನ್ನು ಕೈಯಿಂದಲೇ ತಿರುಗಿಸುತ್ತಿದ್ದರು. ಸೆಕೆಂಡಿಗೆ 16 ಚಿತ್ರ ಅನ್ನುವುದು ಒಂದು ಅಂದಾಜು ಲೆಕ್ಕ ಅಷ್ಟೆ. ಕ್ಯಾಮೆರಾಮನ್ ಕೈ ಹೇಗೆ ಓಡಿತೋ ಹಾಗೆ, ಒಮ್ಮೆ ನಿಧಾನ, ಒಮ್ಮೆ ಜೋರು. ತೋರಿಸುವಾಗ ಪ್ರೊಜೆಕ್ಟರಿನವನೂ ದೃಶ್ಯ ನೋಡಿಕೊಂಡು ವೇಗ ಹೆಚ್ಚುಕಮ್ಮಿ ಮಾಡುತ್ತಿದ್ದ. ಅಂದರೆ ಸೆಕೆಂಡಿಗೆ ಇಷ್ಟೇ ಚಿತ್ರ ಎಂಬ ಕಟ್ಟುಪಾಡಿಲ್ಲದ ಪದ್ಧತಿ ನಮ್ಮ ಕಾಲದ ಹೊಸ ಶೋಧ ಏನಲ್ಲ, ಸಿನಿಮಾ ಹುಟ್ಟಿದ್ದೇ ಹಾಗೆ.

ಪ್ರೊಜೆಕ್ಟರಿನಲ್ಲಿ ಇನ್ನೊಂದು ತೊಂದರೆ ಇತ್ತು. ಒಂದು ಚಿತ್ರದಿಂದ ಮುಂದಿನದಕ್ಕೆ ಫಿಲ್ಮ್ ಜರುಗುವಾಗ ದೀಪಕ್ಕೆ ಅಡ್ಡ ಹಿಡಿಯಬೇಕು, ಇಲ್ಲದಿದ್ದರೆ ಪರದೆಯ ಮೇಲೆ ಬರೀ ಕಲಸುಮೇಲೋಗರ. ಅದಕ್ಕೇ ತಿರುಗುವ ಷಟರ್. ಸೆಕೆಂಡಿಗೆ 16 ಚಿತ್ರವಾದರೆ 16 ಸಲ ಕತ್ತಲೆ. ಕಣ್ಣಿಗೆ ಇದು ಸಹಿಸಲಾಗದ ಮಿಣುಕು. ಇಂಗ್ಲಿಷಿನಲ್ಲಿ ಸಿನಿಮಾಕ್ಕೆ ಇವತ್ತಿಗೂ 'ಫ್ಲಿಕ್' ಅನ್ನುವ ಅಡ್ಡಹೆಸರು ಉಳಿದಿರುವುದು ಆ ಮಿಣುಕಿನ ನೆನಪಿಗೇ. ಪರಿಹಾರ ಮಾತ್ರ ಬಹಳ ಸರಳವಾಗಿತ್ತು. ಷಟರಿಗೆ ಮೂರು ರೆಕ್ಕೆ ಕೊಟ್ಟರು. ಒಂದೇ ಚಿತ್ರದ ಮೇಲೆ ಮೂರು ಸಲ ಬೆಳಕು ಬಿದ್ದು ಹೋಗುತ್ತದೆ. ಚಿತ್ರ 16, ಬೆಳಕಿನ ಬಡಿತ 48.

ಈ ಒಂದು ಸಾಲನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಕೊನೆಯವರೆಗೂ ಬೇಕಾಗುತ್ತದೆ: ಸೆಕೆಂಡಿಗೆ ಎಷ್ಟು ಹೊಸ ಚಿತ್ರ ಅನ್ನುವುದು ಬೇರೆ, ಪರದೆ ಎಷ್ಟು ಸಲ ಬೆಳಗುತ್ತದೆ ಅನ್ನುವುದು ಬೇರೆ. ಮುಗ್ಗರಿಕೆ ಮೊದಲನೆಯದಕ್ಕೆ ಸೇರಿದ್ದು, ಮಿಣುಕು ಎರಡನೆಯದಕ್ಕೆ.

1920ರ ದಶಕದ ಕೊನೆಯಲ್ಲಿ ಸಿನಿಮಾಕ್ಕೆ ಮಾತು ಬಂತು. ಚಿತ್ರ ತುಸು ಜೋರಾಗಿ ಓಡಿದರೆ ಕಣ್ಣು ಕ್ಷಮಿಸುತ್ತದೆ, ಹಾಡು ಜೋರಾಗಿ ಓಡಿದರೆ ಶ್ರುತಿ ಏರುತ್ತದೆ, ಅದನ್ನು ಕಿವಿ ಕ್ಷಮಿಸುವುದಿಲ್ಲ. ಹಾಗಾಗಿ ವೇಗವನ್ನು ಸೆಕೆಂಡಿಗೆ 24 ಚಿತ್ರಕ್ಕೆ ಗಟ್ಟಿಯಾಗಿ ಕಟ್ಟಿದರು. ಎರಡು ರೆಕ್ಕೆಯ ಷಟರ್, ಮತ್ತದೇ 48 ಬಡಿತ. 1934ರಲ್ಲಿ ಕನ್ನಡದ ಮೊದಲ ಟಾಕಿ 'ಸತಿ ಸುಲೋಚನ' ಬರುವ ಹೊತ್ತಿಗೆ ಈ 24 ಜಗತ್ತಿನೆಲ್ಲೆಡೆ ನಿಯಮವಾಗಿತ್ತು. ಕ್ಯಾಮೆರಾಮನ್ ಕೈಯ ಸ್ವಾತಂತ್ರ್ಯ ಅಲ್ಲಿಗೆ ಮುಗಿಯಿತು.

* * *

48 ಸಾಕು ಅಂತ ಹೇಗೆ ಗೊತ್ತು? ಇದಕ್ಕೂ ಒಂದು ನಿಯಮ ಇದೆ. 1892ರಲ್ಲಿ ಫೆರ್ರಿ, 1902ರಲ್ಲಿ ಪೋರ್ಟರ್ ಎಂಬಿಬ್ಬರು ಬೇರೆ ಬೇರೆಯಾಗಿ ಕಂಡುಕೊಂಡದ್ದು: ಬೆಳಕು ಪ್ರಖರವಾದಷ್ಟೂ ಮಿಣುಕು ಮಾಯವಾಗಲು ಹೆಚ್ಚು ವೇಗದ ಬಡಿತ ಬೇಕು. ಕತ್ತಲೆಯ ಟೆಂಟಿನಲ್ಲಿ, ಮಂಕು ಪರದೆಯ ಮೇಲೆ 48 ಸಾಕಾಗುತ್ತಿತ್ತು. ಅದೇ ವೇಗ ಪ್ರಖರವಾದ ಟಿವಿಗೆ ಸಾಲದು. ಇನ್ನೊಂದು ವಿಚಿತ್ರ, ಕಣ್ಣಿನ ಅಂಚು ಮಿಣುಕನ್ನು ನಡುಭಾಗಕ್ಕಿಂತ ಚೆನ್ನಾಗಿ ಹಿಡಿಯುತ್ತದೆ. ನೇರ ನೋಡಿದರೆ ಸರಿಯಾಗಿ ಕಾಣುವ ಟ್ಯೂಬ್‌ಲೈಟು ಓರೆಗಣ್ಣಿಗೆ ಮಿಣುಕಿದಂತೆ ಕಾಣುವುದು ಇದಕ್ಕೇ. ದೊಡ್ಡ ಮಾನಿಟರಿನ ಮುಂದೆ ಹತ್ತಿರ ಕೂತವರಿಗೆ ಮೂಲೆಗಳಲ್ಲೇ ಮೊದಲು ಅನುಮಾನ ಬರುವುದೂ ಇದಕ್ಕೇ.

ಇನ್ನು ಟಿವಿಯ ಸರದಿ. 1936ರ ನವೆಂಬರ್ 2ರಂದು ಬಿಬಿಸಿ ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸಿನಿಂದ ಟಿವಿ ಪ್ರಸಾರ ಶುರು ಮಾಡಿದಾಗ ಎರಡು ಪದ್ಧತಿಗಳನ್ನು ಪೈಪೋಟಿಗೆ ಬಿಟ್ಟಿತ್ತು. ಬೇರ್ಡ್ ಕಂಪನಿಯದು 240 ಗೆರೆ, ಸೆಕೆಂಡಿಗೆ 25 ಪೂರ್ತಿ ಚಿತ್ರ. ಮಾರ್ಕೋನಿ-ಇಎಂಐಯದು 405 ಗೆರೆ, ಆದರೆ ಒಂದು ಸಲಕ್ಕೆ ಬೆಸ ಗೆರೆಗಳು, ಇನ್ನೊಂದು ಸಲಕ್ಕೆ ಸಮ ಗೆರೆಗಳು, ಹೀಗೆ ಸೆಕೆಂಡಿಗೆ 50 ಅರ್ಧ ಚಿತ್ರ. ಇದಕ್ಕೆ ಇಂಟರ್‌ಲೇಸ್ ಅಂತ ಹೆಸರು. ಸಾಗಿಸುವ ಪೂರ್ತಿ ಚಿತ್ರ ಇಲ್ಲೂ 25ರಷ್ಟೇ, ಕಣ್ಣಿಗೆ ಬೀಳುವ ಬಡಿತ ಮಾತ್ರ 50. ಷಟರಿನ ರೆಕ್ಕೆಯ ಉಪಾಯವೇ, ವೇಷ ಬೇರೆ. ಬೇರ್ಡ್ ಪದ್ಧತಿಯ ಮಿಣುಕು ಎದ್ದು ಕಾಣುತ್ತಿತ್ತು. ಕೆಲವೇ ತಿಂಗಳಲ್ಲಿ, 1937ರ ಫೆಬ್ರವರಿ ಹೊತ್ತಿಗೆ, ಬಿಬಿಸಿ ಅದನ್ನು ಕೈಬಿಟ್ಟಿತು.

50 ಎಲ್ಲಿಂದ ಬಂತು? ಗೋಡೆಯ ಪ್ಲಗ್ಗಿನಿಂದ! ಅಲ್ಲಿನ ವಿದ್ಯುತ್ತಿನ ಆವರ್ತನ 50 ಹರ್ಟ್ಸ್. ಟಿವಿಯ ಬಡಿತವೂ ಅದೇ ಇದ್ದರೆ ಕರೆಂಟಿನ ಗೊಂದಲದಿಂದ ಪರದೆಯ ಮೇಲೆ ಮೂಡುವ ಪಟ್ಟಿಗಳು ತೆವಳದೆ ನಿಂತಲ್ಲೇ ನಿಲ್ಲುತ್ತವೆ. ಅಮೆರಿಕದಲ್ಲಿ ಕರೆಂಟು 60 ಹರ್ಟ್ಸ್, ಹಾಗಾಗಿ ಅಲ್ಲಿನ ಟಿವಿ 60. ನಮ್ಮದು 50, ಹಾಗಾಗಿ ದೂರದರ್ಶನವೂ 50. ಗೇಮಿಂಗ್ ಮಾನಿಟರಿನ ಪೆಟ್ಟಿಗೆಗಳ ಮೇಲೆ 60, 120, 240 ಅಂತ ಅಚ್ಚಾಗಿರುತ್ತಲ್ಲ, ಆ ಸಂಖ್ಯೆಗಳ ಮುತ್ತಜ್ಜ ಅಮೆರಿಕದ ಒಂದು ಜನರೇಟರು.

ಮಿಣುಕು ಹೋಯಿತು. ಹಿತ್ತಿಲ ಬಾಗಿಲು ತೆರೆಯಿತು. 24 ಚಿತ್ರದ ಸಿನಿಮಾವನ್ನು 60 ಬಡಿತದ ಟಿವಿಯಲ್ಲಿ ತೋರಿಸುವುದು ಹೇಗೆ? 60ನ್ನು 24ರಿಂದ ಭಾಗಿಸಿದರೆ ಎರಡೂವರೆ. ಅರ್ಧ ಬಡಿತ ಅಂತ ಒಂದಿಲ್ಲ. ಹಾಗಾಗಿ ಅಮೆರಿಕದವರು ಒಂದು ಚಿತ್ರವನ್ನು ಎರಡು ಬಡಿತ, ಮುಂದಿನದನ್ನು ಮೂರು ಬಡಿತ ತೋರಿಸಿದರು. ಒಂದು ಚಿತ್ರ 33 ಮಿಲಿಸೆಕೆಂಡು, ಇನ್ನೊಂದು 50 ಮಿಲಿಸೆಕೆಂಡು. ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ತಿರುಗುವ ದೃಶ್ಯದಲ್ಲಿ ಚಿತ್ರ ಕುಂಟುತ್ತದೆ. ನಮ್ಮಂಥ 50 ಹರ್ಟ್ಸ್ ದೇಶಗಳಲ್ಲಿ ಬೇರೆ ದಾರಿ ಹಿಡಿದರು. ಸಿನಿಮಾವನ್ನೇ 25ರ ವೇಗದಲ್ಲಿ ಓಡಿಸಿಬಿಟ್ಟರು. ಹಾಗೆ ಓಡಿಸಿದರೆ ಎರಡೂವರೆ ಗಂಟೆಯ ಸಿನಿಮಾ ಆರು ನಿಮಿಷ ಮೊದಲೇ ಮುಗಿಯುತ್ತದೆ, ಶ್ರುತಿಯೂ ತುಸು ಏರುತ್ತದೆ!

ಗಮನಿಸಿ, ಇಲ್ಲಿ ಯಂತ್ರ ಕೆಟ್ಟಿಲ್ಲ. ಚಿತ್ರದ ತಾಳ ಒಂದು, ಪರದೆಯ ತಾಳ ಇನ್ನೊಂದು. ಎರಡೂ ಹೊಂದದೇ ಇದ್ದಾಗ ಹುಟ್ಟುವುದೇ ಮುಗ್ಗರಿಕೆ.

* * *

ಕಂಪ್ಯೂಟರ್ ಮಾನಿಟರುಗಳೂ ಮೊದಲು ದಪ್ಪ ಗಾಜಿನ ಸಿಆರ್‌ಟಿಗಳೇ ಆಗಿದ್ದವಲ್ಲ. ಎಲೆಕ್ಟ್ರಾನ್ ಕಿರಣ ಬಿದ್ದ ಜಾಗ ಮಿಂಚಿ ಕೆಲವೇ ಮಿಲಿಸೆಕೆಂಡಿನಲ್ಲಿ ಆರಿಹೋಗುತ್ತದೆ. ಟಿವಿಯನ್ನು ದೂರದಿಂದ ನೋಡುತ್ತೇವೆ, ಮಾನಿಟರನ್ನು ಮೂಗಿನ ಮುಂದೆ ಇಟ್ಟುಕೊಂಡು, ಅದೂ ಬಿಳಿ ಹಾಳೆಯಂಥ ಪರದೆ. ಫೆರ್ರಿ-ಪೋರ್ಟರ್ ಹೇಳಿದ್ದು ನೆನಪಿದೆಯಲ್ಲ, 60 ಇಲ್ಲಿ ಸಾಲದು. ಸೈಬರ್ ಕೆಫೆಗಳಲ್ಲಿ ಕೂತು 'ಬರಹ'ದಲ್ಲೋ 'ನುಡಿ'ಯಲ್ಲೋ ಕನ್ನಡ ಕುಟ್ಟುತ್ತಿದ್ದವರಿಗೆ ಗಂಟೆಯೊಳಗೆ ಹಣೆ ಹಿಡಿದುಕೊಳ್ಳುತ್ತಿದ್ದದ್ದು ನೆನಪಿರಬಹುದು. ವಿಂಡೋಸ್ ಎಕ್ಸ್‌ಪಿಯಲ್ಲಿ ಡಿಸ್‌ಪ್ಲೇ ಪ್ರಾಪರ್ಟೀಸ್, ಸೆಟ್ಟಿಂಗ್ಸ್, ಅಡ್ವಾನ್ಸ್ಡ್, ಮಾನಿಟರ್ ಅಂತ ನಾಲ್ಕು ಬಾಗಿಲು ದಾಟಿ ಹೋಗಿ 60ನ್ನು 75 ಅಥವಾ 85 ಮಾಡಿದರೆ ತಲೆನೋವು ಇಳಿಯುತ್ತಿತ್ತು. ಬಹಳ ಜನಕ್ಕೆ ಆ ಬಾಗಿಲು ಇರುವುದೇ ಗೊತ್ತಿರಲಿಲ್ಲ.

ಆಟ ಬರೆಯುವವರು ಆಗ ಪರದೆಯ ತಾಳಕ್ಕೇ ಹೆಜ್ಜೆ ಹಾಕುತ್ತಿದ್ದರು. 1987ರ ವಿಜಿಎ ಕಾರ್ಡು ಆಟಗಳು ಬಳಸುತ್ತಿದ್ದ 320 x 200 ಮೋಡಿನಲ್ಲಿ ಸೆಕೆಂಡಿಗೆ 70 ಸಲ ಪರದೆ ಬರೆಯುತ್ತಿತ್ತು. 1993ರ 'ಡೂಮ್' ಆಟ ಸೆಕೆಂಡಿಗೆ 35 ಫ್ರೇಮಿಗೆ ನಿಲ್ಲುತ್ತಿತ್ತು, ಸರಿಯಾಗಿ 70ರ ಅರ್ಧ. ಪ್ರತಿ ಚಿತ್ರಕ್ಕೂ ಎರಡು ಬಡಿತ, ಕುಂಟುವ ಪ್ರಶ್ನೆಯೇ ಇಲ್ಲ.

ಆಮೇಲೆ ಎಲ್‌ಸಿಡಿ ಬಂತು. ಎಲ್‌ಸಿಡಿಯ ಚುಕ್ಕಿ ಮಿಂಚಿ ಆರುವುದಿಲ್ಲ. ಒಮ್ಮೆ ಬರೆದರೆ ಮುಂದಿನ ಬರವಣಿಗೆಯವರೆಗೂ ಹಾಗೇ ಹಿಡಿದುಕೊಂಡಿರುತ್ತದೆ. ಹಿಂದಿನ ದೀಪ ಸದಾ ಉರಿಯುತ್ತಿರುತ್ತದೆ. 60 ಹರ್ಟ್ಸ್ ಇದ್ದರೂ ಮಿಣುಕು ಇಲ್ಲ. ಮಿಣುಕಿನ ಕಥೆ ಮುಗಿಯಿತು ಅಂತಲೇ ಎಲ್ಲರೂ ಅಂದುಕೊಂಡರು. ಉಳಿದದ್ದು ಒಂದೇ ಕಿರಿಕಿರಿ. ಬೆಳಕು ಕಮ್ಮಿ ಮಾಡಲು ಹಲವು ಮಾನಿಟರುಗಳು ಹಿಂದಿನ ದೀಪವನ್ನು ವೇಗವಾಗಿ ಆರಿಸಿ ಹೊತ್ತಿಸುತ್ತಿದ್ದವು, ಕೆಲವರ ಕಣ್ಣಿಗೆ ಅದು ಆಗುತ್ತಿರಲಿಲ್ಲ. 2010ರ ದಶಕದಲ್ಲಿ ಹಾಗೆ ಆರಿಸದೆ ದೀಪಕ್ಕೆ ಹೋಗುವ ಕರೆಂಟನ್ನೇ ಕಮ್ಮಿ ಮಾಡುವ ಮಾನಿಟರುಗಳು 'ಫ್ಲಿಕರ್ ಫ್ರೀ' ಎಂಬ ಚೀಟಿ ಅಂಟಿಸಿಕೊಂಡು ಬಂದವು. ಈ ಚೀಟಿಯ ವಿಷಯಕ್ಕೆ ಮತ್ತೆ ಬರುತ್ತೇನೆ.

ಮಿಣುಕು ಹೊರಗೆ ಹೋದ ಮೇಲೆ ಯಾರು ಒಳಗೆ ಬಂದರು ಅಂತ ಬೇರೆ ಹೇಳಬೇಕೇ?

60 ಹರ್ಟ್ಸ್ ಅಂದರೆ ಪ್ರತಿ 16.7 ಮಿಲಿಸೆಕೆಂಡಿಗೆ ಒಂದು ಬಸ್ಸು ಹೊರಡುತ್ತದೆ ಅಂತ ಇಟ್ಟುಕೊಳ್ಳಿ. ಗ್ರಾಫಿಕ್ಸ್ ಕಾರ್ಡು ಚಿತ್ರ ಬರೆದು ಮುಗಿಸಿ ನಿಲ್ದಾಣಕ್ಕೆ ಓಡಿ ಬರಬೇಕು. 16 ಮಿಲಿಸೆಕೆಂಡಿನಲ್ಲಿ ಬಂದರೆ ಬಸ್ಸು ಸಿಕ್ಕಿತು. 17 ಆದರೆ ತಪ್ಪಿತು, ಮುಂದಿನ ಬಸ್ಸಿಗೆ ಕಾಯಬೇಕು, ಅಂದರೆ 33 ಮಿಲಿಸೆಕೆಂಡು. ಒಂದು ಮಿಲಿಸೆಕೆಂಡಿಗಿಂತಲೂ ಕಮ್ಮಿ ತಡವಾದದ್ದಕ್ಕೆ ಇಡೀ ಹದಿನಾರೂಮುಕ್ಕಾಲು ದಂಡ! ಕಾಯುವ ಈ ಶಿಸ್ತಿಗೆ ವಿ-ಸಿಂಕ್ ಅಂತ ಹೆಸರು. ಬೇಡಪ್ಪಾ ಅಂತ ವಿ-ಸಿಂಕ್ ಆಫ್ ಮಾಡಿದರೆ ಓಡುವ ಬಸ್ಸಿಗೇ ಹತ್ತಿದಂತೆ. ಪರದೆಯ ಮೇಲರ್ಧ ಹಳೇ ಚಿತ್ರ, ಕೆಳಗರ್ಧ ಹೊಸದು, ನಡುವೆ ಹರಿದ ಬಟ್ಟೆಯ ಹಾಗೆ ಒಂದು ಸೀಳು.

ಸುಮಾರು ವರ್ಷ ಈ ಮುಗ್ಗರಿಕೆಗೆ ಅಳತೆಯೇ ಇರಲಿಲ್ಲ. ಕಾರ್ಡುಗಳನ್ನು ವಿಮರ್ಶೆ ಮಾಡುವವರು ಸೆಕೆಂಡಿಗೆ ಸರಾಸರಿ ಎಷ್ಟು ಫ್ರೇಮ್ ಅಂತ ಮಾತ್ರ ಬರೆಯುತ್ತಿದ್ದರು. ಸರಾಸರಿ ಬಹಳ ಮೋಸದ ಲೆಕ್ಕ. 60 ಫ್ರೇಮುಗಳಲ್ಲಿ 59 ಸರಿಯಾಗಿ ಬಂದು ಒಂದೇ ಒಂದು ಹತ್ತು ಪಟ್ಟು ತಡವಾಗಿ ಬಂದರೂ ಸರಾಸರಿಯಲ್ಲಿ ಅದು ಮುಳುಗಿಹೋಗುತ್ತದೆ, ಕಣ್ಣಿಗೆ ಮಾತ್ರ ಆ ಒಂದೇ ಕಾಣುತ್ತದೆ. 2011ರ ಸೆಪ್ಟೆಂಬರಿನಲ್ಲಿ 'ದ ಟೆಕ್ ರಿಪೋರ್ಟ್' ತಾಣದ ಸ್ಕಾಟ್ ವಾಸನ್, ಸೆಕೆಂಡಿನ ಒಳಗೆ ಹೊಕ್ಕು ಪ್ರತಿಯೊಂದು ಫ್ರೇಮ್ ತೆಗೆದುಕೊಂಡ ಸಮಯವನ್ನು ಅಳೆದು ಬರೆದರು. ಎರಡು ಕಾರ್ಡು ಒಟ್ಟಿಗೆ ಜೋಡಿಸಿದ ಕಂಪ್ಯೂಟರುಗಳಲ್ಲಿ ಸರಾಸರಿ ಭರ್ಜರಿ ಇದ್ದರೂ ಚಿತ್ರ ಯಾಕೆ ಕುಂಟುತ್ತಿತ್ತು ಅನ್ನುವುದಕ್ಕೆ ಆಗ ಸಾಕ್ಷಿ ಸಿಕ್ಕಿತು. 2013ರಲ್ಲಿ ಎನ್‌ವಿಡಿಯಾ ಇದನ್ನು ಅಳೆಯಲು ತನ್ನದೇ ಸಲಕರಣೆ ತಂದಿತು, ಅದೇ ವರ್ಷ ಎಎಂಡಿ ಫ್ರೇಮುಗಳನ್ನು ಸಮ ಅಂತರದಲ್ಲಿ ಬಿಡುವ ಡ್ರೈವರ್ ಬಿಟ್ಟಿತು. ನೋಡುಗರು ವರ್ಷಗಟ್ಟಲೆ ಹೇಳುತ್ತಿದ್ದ ದೂರಿಗೆ ಅಂಕಿ ಸಿಕ್ಕ ಮೇಲೆಯೇ ಕಂಪನಿಗಳು ಮಿಸುಕಾಡಿದ್ದು.

* * *

2013ರ ಅಕ್ಟೋಬರ್ 18. ಕೆನಡಾದ ಮಾಂಟ್ರಿಯಲ್‌ನಲ್ಲಿ ಎನ್‌ವಿಡಿಯಾ 'ಜಿ-ಸಿಂಕ್' ಪ್ರಕಟಿಸಿತು. 'ಡೂಮ್' ಖ್ಯಾತಿಯ ಜಾನ್ ಕಾರ್ಮ್ಯಾಕ್, ಎಪಿಕ್ ಕಂಪನಿಯ ಟಿಮ್ ಸ್ವೀನಿ ಅಂಥವರೆಲ್ಲ ವೇದಿಕೆಯಲ್ಲಿದ್ದರು. ಉಪಾಯ ಇಷ್ಟೇ: ಚಿತ್ರ ಬಸ್ಸಿಗೆ ಕಾಯುವುದು ಬೇಡ, ಬಸ್ಸೇ ಚಿತ್ರಕ್ಕೆ ಕಾಯಲಿ. ಒಂದು ಸಲ ಪರದೆ ಬರೆದು ಮುಗಿದ ಮೇಲೆ ಮುಂದಿನದಕ್ಕೆ ಮುನ್ನ ಒಂದು ಸಣ್ಣ ಬಿಡುವು ಇರುತ್ತದೆ. ಸಿಆರ್‌ಟಿಯ ಕಿರಣ ಕೆಳಗಿನಿಂದ ಮೇಲಕ್ಕೆ ವಾಪಸ್ ಹೋಗಲು ಬೇಕಾಗಿದ್ದ ಬಿಡುವು ಅದು, ಎಲ್‌ಸಿಡಿಯಲ್ಲೂ ಪಳೆಯುಳಿಕೆಯ ಹಾಗೆ ಉಳಿದುಕೊಂಡಿತ್ತು. ಆ ಬಿಡುವನ್ನೇ ಹೊಸ ಚಿತ್ರ ಬರುವ ತನಕ ಎಳೆಯುವುದು. ಇದಕ್ಕಾಗಿ ಎನ್‌ವಿಡಿಯಾ ಮಾನಿಟರಿನ ಒಳಗೆ ತನ್ನದೇ ಒಂದು ಮಾಡ್ಯೂಲ್ ಕೂರಿಸಿತು. ಬೆಲೆಯೂ ಅದಕ್ಕೆ ತಕ್ಕಂತೆ ಏರಿತು.

2014ರ ಜನವರಿಯಲ್ಲಿ ಎಎಂಡಿ ಸಾಮಾನ್ಯ ಲ್ಯಾಪ್‌ಟಾಪುಗಳಲ್ಲೇ ಇದನ್ನು ಮಾಡಿ ತೋರಿಸಿತು. ಲ್ಯಾಪ್‌ಟಾಪ್ ಪರದೆಗಳಲ್ಲಿ ಬ್ಯಾಟರಿ ಉಳಿಸಲು ರಿಫ್ರೆಶ್ ರೇಟ್ ಇಳಿಸುವ ಸೌಲಭ್ಯ ಮೊದಲೇ ಇತ್ತು, ಅದನ್ನೇ ಬಳಸಿಕೊಂಡರು. ಅದೇ ವರ್ಷ ಮೇ ತಿಂಗಳಲ್ಲಿ 'ವೀಸಾ' ಎಂಬ ಮಾನಿಟರ್ ಕಂಪನಿಗಳ ಒಕ್ಕೂಟ (ಪಾಸ್‌ಪೋರ್ಟಿನ ವೀಸಾ ಅಲ್ಲ!) ಡಿಸ್‌ಪ್ಲೇಪೋರ್ಟ್ 1.2ಎ ಮಾನಕಕ್ಕೆ 'ಅಡಾಪ್ಟಿವ್-ಸಿಂಕ್' ಸೇರಿಸಿತು. 2015ರ ಮಾರ್ಚಿನಲ್ಲಿ ಎಎಂಡಿಯ 'ಫ್ರೀಸಿಂಕ್' ಡ್ರೈವರ್ ಬಂತು. 2017ರ ಎಚ್‌ಡಿಎಂಐ 2.1 ಮಾನಕದಲ್ಲೂ ವಿ.ಆರ್.ಆರ್. ಸೇರಿಕೊಂಡಿತು. ಹೀಗೆ ದುಬಾರಿ ಮಾಡ್ಯೂಲಿನಿಂದ ಅಗ್ಗದ ಮಾನಿಟರಿನವರೆಗೆ ಇಳಿದು ಬರಲು ನಾಲ್ಕು ವರ್ಷ ಸಾಕಾಯಿತು.

ಕಟ್ಟಿದ್ದ ತಾಳ ಬಿಚ್ಚಿದಂತಾಯಿತು. ಮೂಕಿ ಚಿತ್ರದ ಕ್ಯಾಮೆರಾಮನ್ ಕೈ ಮತ್ತೆ ಸ್ವತಂತ್ರ. ಮಿಣುಕೂ ವಾಪಸ್ ಬಂತು.

* * *

ಯಾಕೆ ಬಂತು ಅನ್ನುವುದೇ ಈ ಬರಹದ ತಿರುಳು, ಸ್ವಲ್ಪ ನಿಧಾನವಾಗಿ ನೋಡೋಣ.

ಎಲ್‌ಸಿಡಿಯ ಚುಕ್ಕಿ ಒಮ್ಮೆ ಬರೆದದ್ದನ್ನು ಹಿಡಿದುಕೊಂಡಿರುತ್ತದೆ ಅಂದೆನಲ್ಲ, ಅದು ಪೂರ್ತಿ ನಿಜ ಅಲ್ಲ. ಸಣ್ಣ ತೂತಿರುವ ಕೊಡ ನೆನೆಸಿಕೊಳ್ಳಿ. ಚುಕ್ಕಿಗೆ ತುಂಬಿದ ವಿದ್ಯುತ್ತು ಮೆಲ್ಲಗೆ ಸೋರುತ್ತಿರುತ್ತದೆ, ಅದರ ಬೆಳಕೂ ತುಸು ಆಚೀಚೆ ಸರಿಯುತ್ತದೆ. ಪ್ರತಿ 7 ಮಿಲಿಸೆಕೆಂಡಿಗೆ (144 ಹರ್ಟ್ಸ್) ತುಂಬಿಸಿದರೆ ಸೋರಿಕೆ ಲೆಕ್ಕಕ್ಕಿಲ್ಲ. ಪ್ರತಿ 21 ಮಿಲಿಸೆಕೆಂಡಿಗೆ (48 ಹರ್ಟ್ಸ್) ತುಂಬಿಸಿದರೆ ಅಷ್ಟು ಹೊತ್ತು ಸೋರಿದೆ. ಯಾವುದೇ ಒಂದು ವೇಗದಲ್ಲಿ ನಿಂತರೂ ತೊಂದರೆ ಇಲ್ಲ, ಸರಾಸರಿ ಮಟ್ಟ ಒಂದೇ ಇರುತ್ತದೆ. ಆದರೆ ಆಟದಲ್ಲಿ ಫ್ರೇಮುಗಳ ಸಂಖ್ಯೆ 140ರಿಂದ 60ಕ್ಕೆ, ಮತ್ತೆ 110ಕ್ಕೆ ಹಾರಾಡುತ್ತಿದ್ದರೆ ಕೊಡದ ಮಟ್ಟವೂ ಏರಿಳಿಯುತ್ತದೆ. ಆ ಏರಿಳಿತವೇ ಮಿಣುಕು.

ಓಎಲ್‌ಇಡಿಯಲ್ಲಿ ಕಾರಣ ಸ್ವಲ್ಪ ಬೇರೆ. ಅಲ್ಲಿ ಹಿಂದಿನ ದೀಪವೇ ಇಲ್ಲ, ಪ್ರತಿ ಚುಕ್ಕಿಯೂ ತಾನೇ ದೀಪ. ಯಾವ ಛಾಯೆಗೆ ಎಷ್ಟು ವಿದ್ಯುತ್ತು ಅನ್ನುವ ಲೆಕ್ಕವನ್ನು ನಿಗದಿತ ರಿಫ್ರೆಶ್ ರೇಟಿಗೆ ಹೊಂದಿಸಿರುತ್ತಾರೆ. ವೇಗ ಬದಲಾದಾಗ ಆ ಲೆಕ್ಕ ತುಸು ತಪ್ಪುತ್ತದೆ, ಅದೂ ಕಪ್ಪಿಗೆ ಹತ್ತಿರದ ಬೂದು ಛಾಯೆಗಳಲ್ಲಿ. ಎಲ್‌ಸಿಡಿಗಳಲ್ಲಿ ಐಪಿಎಸ್‌ಗಿಂತ ವಿಎ ಪ್ಯಾನಲ್ಲುಗಳಲ್ಲಿ ಈ ದೂರು ಹೆಚ್ಚು. ಕಪ್ಪನ್ನು ಚೆನ್ನಾಗಿ ತೋರಿಸುವ ಪ್ಯಾನಲ್ಲುಗಳಿಗೇ ಈ ಶಾಪ ಅನ್ನುವುದು ವಿಪರ್ಯಾಸ. ಮಂದ ಬೆಳಕಿನಲ್ಲಿ ಸಣ್ಣ ವ್ಯತ್ಯಾಸವೂ ಕಣ್ಣಿಗೆ ದೊಡ್ಡದು. ಒಂದು ಹಣತೆ ಇರುವ ಕೋಣೆಗೆ ಇನ್ನೊಂದು ಹಣತೆ ತಂದರೆ ತಕ್ಷಣ ಗೊತ್ತಾಗುತ್ತದೆ, ನೂರು ಹಣತೆಯ ನಡುವೆ ತಂದರೆ ಯಾರಿಗೆ ಗೊತ್ತಾಗುತ್ತದೆ?

ಇನ್ನೊಂದು ಕಾರಣವೂ ಇದೆ. ಪ್ರತಿ ಮಾನಿಟರಿನ ವಿ.ಆರ್.ಆರ್.ಗೆ ಒಂದು ವ್ಯಾಪ್ತಿ ಇರುತ್ತದೆ, ಉದಾಹರಣೆಗೆ 48ರಿಂದ 144. ಆಟ 48ಕ್ಕಿಂತ ಕೆಳಗೆ ಇಳಿದರೆ? ಜಿ-ಸಿಂಕ್ ಮಾಡ್ಯೂಲು ಇದಕ್ಕೆ ಮೊದಲೇ ದಾರಿ ಮಾಡಿಕೊಂಡಿತ್ತು, ಎಎಂಡಿ 2015ರ ಕೊನೆಗೆ 'ಲೋ ಫ್ರೇಮ್‌ರೇಟ್ ಕಾಂಪೆನ್ಸೇಷನ್' ತಂದಿತು. ಒಂದೇ ಚಿತ್ರವನ್ನು ಎರಡು ಸಲ ಬರೆಯುವುದು, ನಮ್ಮ ಹಳೇ ಷಟರಿನ ರೆಕ್ಕೆಯೇ! 47 ಫ್ರೇಮ್ ಬಂದರೆ ಪರದೆ 94ರಲ್ಲಿ ಓಡುತ್ತದೆ. ಮುಗ್ಗರಿಕೆ ತಪ್ಪಿತು. ಆದರೆ ಆಟ 47, 49, 47 ಅಂತ ಗಡಿಯ ಮೇಲೆ ಓಲಾಡುತ್ತಿದ್ದರೆ ಪರದೆ 94, 49, 94 ಅಂತ ಜಿಗಿಯುತ್ತದೆ. ಪ್ರತಿ ಜಿಗಿತಕ್ಕೂ ಬೆಳಕು ಒಮ್ಮೆ ಅಲುಗುತ್ತದೆ.

ಇದು ಕಂಪನಿಗಳಿಗೆ ಗೊತ್ತಿರದ ಗುಟ್ಟೇನಲ್ಲ. 2019ರ ಜನವರಿಯಲ್ಲಿ ಎನ್‌ವಿಡಿಯಾ ಅಡಾಪ್ಟಿವ್-ಸಿಂಕ್ ಮಾನಿಟರುಗಳಿಗೂ ತನ್ನ ಬಾಗಿಲು ತೆರೆದಾಗ, 400 ಮಾನಿಟರ್ ಪರೀಕ್ಷಿಸಿದೆವು, 12 ಮಾತ್ರ ಪಾಸಾದವು ಎಂದಿತು. ಫೇಲಾದವುಗಳ ಉದಾಹರಣೆಯಾಗಿ ತೋರಿಸಿದ್ದರಲ್ಲಿ ಮಿಣುಕೂ ಇತ್ತು. (ಪರೀಕ್ಷೆ ಮಾಡಿದವರೂ ತಮ್ಮ ಮಾಡ್ಯೂಲ್ ಮಾರುವವರೇ, ಅಷ್ಟು ಉಪ್ಪು ಸೇರಿಸಿಕೊಂಡೇ ಓದಿ.) 2022ರ ಮೇ ತಿಂಗಳಲ್ಲಿ ವೀಸಾ ಒಕ್ಕೂಟವೇ 'ಅಡಾಪ್ಟಿವ್‌ಸಿಂಕ್ ಡಿಸ್‌ಪ್ಲೇ' ಎಂಬ ಪ್ರಮಾಣಪತ್ರ ಶುರು ಮಾಡಿತು. ಅದರಲ್ಲಿ ಮಿಣುಕಿಗೂ ಪರೀಕ್ಷೆ ಇದೆ. ಜೊತೆಗೇ ಬಂದ 'ಮೀಡಿಯಾಸಿಂಕ್' ಪ್ರಮಾಣಪತ್ರ ಸಿನಿಮಾ, ಟಿವಿಗಳ ಬೇರೆ ಬೇರೆ ಫ್ರೇಮ್ ರೇಟುಗಳೆಲ್ಲ ಕುಂಟದೆ ಓಡುತ್ತವೆಯೇ ಅಂತ ನೋಡುತ್ತದೆ. ಟಾಕಿಗಳ ಕಾಲದ ಆ 24ಕ್ಕೆ ಕೊನೆಗೂ ಸರಿಯಾದ ಬಸ್ಸು ಸಿಕ್ಕಿತು ಅನ್ನಿ.

* * *

ನನ್ನ ಅಕ್ಕನ ಮಗ ಎರಡು ವರ್ಷದ ಉಳಿತಾಯ ಒಟ್ಟು ಹಾಕಿ ಒಂದು ವಿಎ ಮಾನಿಟರ್ ಕೊಂಡಿದ್ದ. ಕತ್ತಲೆ ದೃಶ್ಯದಲ್ಲಿ ಮಿಣುಕು. ಸರ್ವಿಸ್ ಸೆಂಟರಿನವರು ಬಂದು ಡೆಸ್ಕ್‌ಟಾಪ್ ನೋಡಿ, "ಎಲ್ಲಾ ಸರಿಯಾಗಿದೆಯಲ್ಲ ಸಾರ್, ಪೆಟ್ಟಿಗೆ ಮೇಲೆ ಫ್ಲಿಕರ್ ಫ್ರೀ ಅಂತಾನೇ ಇದೆ ನೋಡಿ" ಅಂದು ಹೊರಟರಂತೆ. ಅವರ ಮಾತಿನಲ್ಲಿ ಸುಳ್ಳಿಲ್ಲ. ಆ ಚೀಟಿ ಹೇಳುವುದು ಹಿಂದಿನ ದೀಪದ ಬಗ್ಗೆ. ವಿ.ಆರ್.ಆರ್. ಮಿಣುಕಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಎರಡು ಬೇರೆ ಕಾಯಿಲೆಗೆ ಒಂದೇ ಹೆಸರು ಇರುವುದರಿಂದ ದುಡ್ಡು ಕೊಟ್ಟವನ ಬಾಯಿ ಮುಚ್ಚುತ್ತದೆ. ಈ ಇತಿಹಾಸವೆಲ್ಲ ಯಾಕೆ ಬೇಕು ಅಂತ ಕೇಳುವವರಿಗೆ ನನ್ನ ಉತ್ತರ ಇಷ್ಟೇ. ಯಾವ ಮಿಣುಕು ಅಂತ ಹೆಸರು ಹಿಡಿದು ಹೇಳಲು ಬಂದರೆ ಎದುರಿನವರು ಅಷ್ಟು ಸುಲಭವಾಗಿ ಎದ್ದು ಹೋಗಲಾರರು.

ಹಾಗಾದರೆ ಕ್ರಮವಾಗಿ ಏನು ಮಾಡಬೇಕು?

1. ಮೊದಲು ಕಾಯಿಲೆ ಯಾವುದು ನೋಡಿ. ಕ್ಯಾಮೆರಾ ಅಲುಗದೆ ನಿಂತಾಗಲೂ ಬೆಳಕು ಏರಿಳಿದರೆ ಮಿಣುಕು. ಬೆಳಕು ಸ್ಥಿರ ಇದ್ದು ಚಲನೆ ಮಾತ್ರ ಕಡಿದರೆ ಮುಗ್ಗರಿಕೆ. ಪರದೆ ಪೂರ್ತಿ ಕಪ್ಪಾಗಿ ಮತ್ತೆ ಬಂದರೆ ಅದು ಎರಡೂ ಅಲ್ಲ, ಸಿಗ್ನಲ್ ಕಡಿದದ್ದು. ಕೇಬಲ್ ಬದಲಿಸುವ ಅಜ್ಜಿಮದ್ದು ಕೆಲಸ ಮಾಡುವುದು ಹೆಚ್ಚಾಗಿ ಈ ಮೂರನೆಯದಕ್ಕೆ.

2. ವಿ.ಆರ್.ಆರ್. ಆಫ್ ಮಾಡಿ ಅದೇ ಕತ್ತಲೆ ದೃಶ್ಯ ನೋಡಿ. ಮಿಣುಕು ಹೋದರೆ ಕಳ್ಳ ಸಿಕ್ಕಿದ. ಹೋಗದಿದ್ದರೆ ಹಿಂದಿನ ದೀಪ, ಡ್ರೈವರ್, ಆಟ, ಇವುಗಳ ಕಡೆ ನೋಡಿ.

3. ಬಹಳಷ್ಟು ಮಾನಿಟರುಗಳ ಮೆನುವಿನಲ್ಲಿ ಈಗಿನ ರಿಫ್ರೆಶ್ ರೇಟ್ ತೋರಿಸುವ ಅಂಕಿ ಇರುತ್ತದೆ. ಅದನ್ನು ಹಾಕಿಕೊಂಡು ಆಡಿ. ಮಿಣುಕಿದಾಗಲೆಲ್ಲ ಅಂಕಿ ದೊಡ್ಡದಾಗಿ ಜಿಗಿಯುತ್ತಿದೆಯೇ ನೋಡಿ. ಲೋಡಿಂಗ್ ಪರದೆ, ಮೆನುಗಳಲ್ಲಿ ಮಾತ್ರ ಮಿಣುಕಿದರೆ ಅಲ್ಲಿ ಫ್ರೇಮುಗಳು ಯದ್ವಾತದ್ವಾ ಹಾರುತ್ತಿರುತ್ತವೆ, ತಲೆ ಕೆಡಿಸಿಕೊಳ್ಳಬೇಡಿ.

4. ಫ್ರೇಮುಗಳಿಗೆ ಮಿತಿ ಹಾಕಿ. ಇದೇ ಎಲ್ಲಕ್ಕಿಂತ ದೊಡ್ಡ ಮದ್ದು. ಆಟ 80ರಿಂದ 130ರ ನಡುವೆ ಓಡಾಡುತ್ತಿದ್ದರೆ 85ಕ್ಕೆ ಕಟ್ಟಿ. ಅಂಕಿ ಚಿಕ್ಕದಾಯಿತು ಅಂತ ಕೊರಗಬೇಡಿ, ಕೊಡದ ಮಟ್ಟ ನಿಂತಿತು. ಮಿತಿ ಬೇಡ ಅನ್ನುವವರೂ ಮೇಲಿನ ಗಡಿಗಿಂತ ಮೂರ್ನಾಲ್ಕು ಕಮ್ಮಿ ಇಡಿ, 144 ಇದ್ದರೆ 141 ಅಥವಾ 140. ಗಡಿ ಮುಟ್ಟಿದರೆ ಮತ್ತೆ ವಿ-ಸಿಂಕಿನ ಕಾಯುವಿಕೆ ಅಥವಾ ಸೀಳು.

5. ಆಟ ಕೆಳಗಿನ ಗಡಿಯ (48ರಂಥದು) ಹತ್ತಿರ ಓಲಾಡುತ್ತಿದ್ದರೆ ನೆರಳು, ಪ್ರತಿಬಿಂಬಗಳ ಗುಣಮಟ್ಟ ಇಳಿಸಿ ಆ ಗಡಿಯಿಂದ ಸಾಕಷ್ಟು ಮೇಲೆ ಇರುವಂತೆ ಮಾಡಿ.

6. ಆಟವಲ್ಲದೆ ಬ್ರೌಸರ್, ಬೇರೆ ಕಿಟಕಿಗಳೂ ಮಿಣುಕಿದರೆ ಡ್ರೈವರಿನಲ್ಲಿ ವಿ.ಆರ್.ಆರ್.ಅನ್ನು ಫುಲ್ ಸ್ಕ್ರೀನಿಗೆ ಮಾತ್ರ ಅಂತ ಇಡಿ.

7. ಕೆಲವು ಮಾನಿಟರುಗಳ ಮೆನುವಿನಲ್ಲಿ ಮಿಣುಕು ತಗ್ಗಿಸುವ ಆಯ್ಕೆ ಇದೆ. ರಿಫ್ರೆಶ್ ರೇಟ್ ಓಡಾಡುವ ವ್ಯಾಪ್ತಿಯನ್ನು ಕಿರಿದು ಮಾಡುವುದೇ ಅದರ ಸಾಮಾನ್ಯ ಗುಟ್ಟು. ಮಿಣುಕು ಇಳಿಯುತ್ತದೆ, ಬದಲಿಗೆ ಅಲ್ಲಲ್ಲಿ ಮುಗ್ಗರಿಕೆ. ಸವತಿಯರ ಕಥೆ ಮರೆತಿಲ್ಲ ತಾನೇ?

8. ವಿ.ಆರ್.ಆರ್. ಇದ್ದೂ ಮುಗ್ಗರಿಸುತ್ತಿದೆಯೇ? ಮಾನಿಟರಿನ ಮೆನು, ಡ್ರೈವರ್ ಎರಡೂ ಕಡೆ ಆನ್ ಆಗಿದೆಯೇ ನೋಡಿ. ಆಗಿದ್ದರೆ ಮಾನಿಟರನ್ನು ಬಯ್ಯಬೇಡಿ. ಹೊಸ ಜಾಗಕ್ಕೆ ಕಾಲಿಟ್ಟಾಗ, ಮೊದಲ ಸಲ ಸ್ಫೋಟವಾದಾಗ ಮಾತ್ರ ಕಡಿದರೆ ಆಟ ಆ ಹೊತ್ತಿಗೆ ಷೇಡರ್ ತಯಾರಿಸಿಕೊಳ್ಳುತ್ತಿದೆ ಅಂತ ಅರ್ಥ. ಒಂದು ಫ್ರೇಮ್ 100 ಮಿಲಿಸೆಕೆಂಡು ತಡವಾಗಿ ಹೊರಟರೆ ಬಸ್ಸು ಎಷ್ಟು ವಿನಯದಿಂದ ಕಾದರೂ ಅದು ತಡವೇ.

ಇಷ್ಟೆಲ್ಲ ಮಾಡಿದ ಮೇಲೂ ಮಿಣುಕು ಉಳಿದರೆ, ವಾಪಸ್ ಕೊಡುವ ಗಡುವು ಮುಗಿಯುವ ಮುನ್ನ ಕೊಟ್ಟುಬಿಡುವುದೇ ಲೇಸು. ಹಾಗಾಗಿ ಹೊಸ ಮಾನಿಟರಿನ ಮೊದಲ ವಾರ ಬಿಸಿಲು, ಹಿಮ, ಹೂದೋಟದ ದೃಶ್ಯಗಳನ್ನು ಬಿಟ್ಟು ಅತಿ ಕತ್ತಲೆಯ ಆಟವನ್ನೇ ಆಡಿ. ಮೊಬೈಲಿನಲ್ಲಿ ವಿಡಿಯೋ ತೆಗೆದಿಟ್ಟುಕೊಳ್ಳುವಾಗ ರಿಫ್ರೆಶ್ ರೇಟಿನ ಅಂಕಿಯೂ ಅದರಲ್ಲಿ ಕಾಣುವಂತಿರಲಿ. ಫೋನಿನ ಕ್ಯಾಮೆರಾಕ್ಕೂ ತನ್ನದೇ ಷಟರ್ ಇದೆ, ಅದು ಇಲ್ಲದ ಮಿಣುಕನ್ನೂ ತೋರಿಸಬಲ್ಲದು ಅನ್ನುವುದು ನೆನಪಿರಲಿ.

ಅಕ್ಕನ ಮಗ ಏನು ಮಾಡಿದ ಅಂತ ಕೇಳ್ತೀರಾ? ಗಡುವು ದಾಟಿತ್ತು. ಆಟವನ್ನು 90ಕ್ಕೆ ಕಟ್ಟಿಕೊಂಡು ಆಡುತ್ತಿದ್ದಾನೆ, ಮಿಣುಕು ಮುಕ್ಕಾಲು ಪಾಲು ಹೋಗಿದೆಯಂತೆ. 144ಕ್ಕೆ ದುಡ್ಡು ಕೊಟ್ಟು 90ರಲ್ಲಿ ಆಡುವ ಸಂಕಟ ಮಾತ್ರ ಹಾಗೇ ಇದೆ. ನಿಮ್ಮಲ್ಲಿ ಯಾರಿಗಾದರೂ ಇದಕ್ಕಿಂತ ಒಳ್ಳೆಯ ದಾರಿ ಸಿಕ್ಕಿದ್ದರೆ ಬರೆಯಿರಿ, ಅವನಿಗೆ ದಾಟಿಸುತ್ತೇನೆ.